ಗಟ್ಟಿ ರೆಡ್ ಬ್ಲೆಂಡ್ ವೈನ್ ಜೊತೆ ನಮ್ಮ ಕಡೆ ಊಟದಲ್ಲಿ ಯಾವುದು ಹೊಂದುತ್ತೆ?

ಬಳ್ಳಾರಿ_ಬಿಸಿಲು:
ನಮಸ್ಕಾರ ಎಲ್ಲರಿಗೂ. ನಮ್ಮ ಭಾವ ಕ್ಯಾಲಿಫೋರ್ನಿಯಾದಿಂದ ಬರುವಾಗ ಎರಡು ಬಾಟಲಿ ರೆಡ್ ಬ್ಲೆಂಡ್, ಅಂದ್ರೆ ಬೇರೆ ಬೇರೆ ದ್ರಾಕ್ಷಿ ಸೇರಿಸಿ ಮಾಡಿದ ಕೆಂಪು ವೈನ್, ತಂದಿದ್ದರು. ಲೇಬಲ್ ಮೇಲೆ ಜಿನ್‌ಫಂಡೆಲ್, ಪೆಟೀಟ್ ಸಿರಾ, ಕ್ಯಾಬರ್ನೆ ಸೋವಿನ್ಯೋ ಅಂತ ದ್ರಾಕ್ಷಿ ತಳಿಗಳ ಹೆಸರಿದೆ, ಆಲ್ಕೋಹಾಲ್ 15 ಪರ್ಸೆಂಟ್. ಹೋದ ಭಾನುವಾರ ಒಂದನ್ನು ತೆಗೆದು ಖಾರದ ಮಟನ್ ಸಾರು, ಜೋಳದ ರೊಟ್ಟಿ, ಬಿಸಿ ಬಿಸಿ ಮಿರ್ಚಿ ಜೊತೆ ಕುಡಿದೆವು. ಬಾಯೆಲ್ಲ ಉರಿ, ನಾಲಿಗೆ ಒಣಗಿಹೋಯ್ತು, ಹಣ್ಣಿನ ರುಚಿ ಗೊತ್ತೇ ಆಗಲಿಲ್ಲ. ಅಷ್ಟು ದೂರದಿಂದ ಹೊತ್ತು ತಂದಿದ್ದು, ತುಂಬಾ ಬೇಜಾರಾಯ್ತು. ಈ ಭಾನುವಾರ ಅಕ್ಕ ಭಾವ ಮತ್ತೆ ಬರ್ತಾರೆ, ಇನ್ನೊಂದು ಬಾಟಲಿ ಇದೆ. ಏನು ಅಡುಗೆ ಮಾಡಿಸಲಿ? ಸ್ಟೇಕ್, ಚೀಸ್ ಬೇಡ, ಇಲ್ಲಿ ಮಾಡೋದು ಹೇಳಿ.

ರಾಯಚೂರು_ರೊಟ್ಟಿ:
ತಪ್ಪು ವೈನ್‌ದಲ್ಲ ಅಣ್ಣ, ಖಾರದ್ದು. ಆಲ್ಕೋಹಾಲ್ ಜಾಸ್ತಿ ಇರೋ ವೈನ್ ಮೆಣಸಿನಕಾಯಿ ಉರಿಯನ್ನು ಇನ್ನೂ ಏರಿಸುತ್ತೆ. ಮೇಲೆ ಟ್ಯಾನಿನ್ ಬೇರೆ, ಅಂದ್ರೆ ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರೋ ಒಗರು. ನೇರಳೆಹಣ್ಣು ತಿಂದಾಗ ನಾಲಿಗೆ ಹಿಡ್ಕೊಳ್ಳುತ್ತಲ್ಲ, ಅದೇ. ಮಸಾಲೆಗೆ ನಾವು ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಸೇರಿಸೋ ಹಾಗೆ, ನಿಮ್ಮ ಬಾಟಲಿಯಲ್ಲಿ ಜಿನ್‌ಫಂಡೆಲ್ ಹಣ್ಣಿನ ರುಚಿ ಕೊಡುತ್ತೆ, ಪೆಟೀಟ್ ಸಿರಾ ಕಪ್ಪು ಬಣ್ಣ ಮತ್ತೆ ಒಗರು ಕೊಡುತ್ತೆ.

ಈ ಒಗರಿಗೆ ಮದ್ದು ಕೊಬ್ಬು ಮತ್ತೆ ಉಪ್ಪು. ಮಟನ್ನೇ ಮಾಡಿಸಿ, ಆದ್ರೆ ಸಾರು ಬೇಡ. ತೊಡೆ ಮಾಂಸ ಕೊಬ್ಬಿನ ಸಮೇತ ತಂದು, ಮೊಸರು, ಶುಂಠಿ ಬೆಳ್ಳುಳ್ಳಿ, ಉಪ್ಪು ಹಚ್ಚಿ ರಾತ್ರಿಯೇ ಇಡಿ. ಬೆಳಗ್ಗೆ ಈರುಳ್ಳಿ ಕೆಂಪಗೆ ಹುರಿದು, ಕಾಳುಮೆಣಸು, ಎರಡು ಲವಂಗ ಹಾಕಿ ಸಣ್ಣ ಉರಿಯಲ್ಲಿ ನೀರೆಲ್ಲ ಬತ್ತಿ ತುಂಡಿನ ಅಂಚು ಕಪ್ಪಾಗೋವರೆಗೂ ಬಿಡಿ. ಬಣ್ಣಕ್ಕೆ ಬ್ಯಾಡಗಿ ಸ್ವಲ್ಪ ಸಾಕು, ಗುಂಟೂರು ಮುಟ್ಟಲೇಬೇಡಿ. ಆ ತುಂಡಿನ ಮೇಲೆ ಒಂದು ಗುಟುಕು ಕುಡಿದು ನೋಡಿ, ಒಗರು ಎಲ್ಲಿ ಹೋಯ್ತು ಅಂತ ನೀವೇ ಕೇಳ್ತೀರಿ.

ಗಂಗಾವತಿ_ಗದ್ದೆ:
ಬಾಟಲಿ ಎಲ್ಲಿಟ್ಟಿದ್ರಿ? ಅಡುಗೆಮನೆ ಕಪಾಟಿನಲ್ಲಿ ಅಲ್ವಾ? ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲಿ ಕುಡೀಬೇಕು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಅದು ಯುರೋಪಿನ ತಣ್ಣನೆ ಮನೆಗಳ ಮಾತು. 16ರಿಂದ 18 ಡಿಗ್ರಿ ಇರಬೇಕು. ಬೇಸಿಗೆಯಲ್ಲಿ ಬಳ್ಳಾರಿ 40 ದಾಟುತ್ತೆ, ಅಷ್ಟು ಬೆಚ್ಚಗಿದ್ರೆ ಮೊದಲು ಮೂಗಿಗೆ ಹೊಡೆಯೋದೇ ಆಲ್ಕೋಹಾಲ್. ಹಿಂದಿನ ದಿನವೇ ಫ್ರಿಜ್‌ನಲ್ಲಿಡಿ, ಊಟಕ್ಕೆ ಅರ್ಧ ಗಂಟೆ ಮೊದಲು ಹೊರಗೆ ತೆಗೆದು ಕಾರ್ಕ್ ಬಿಚ್ಚಿ ಜಗ್ಗಿಗೆ ಸುರಿದಿಡಿ. ಗಾಳಿ ಆಡಿದ್ರೆ ಇಂಥ ಗಟ್ಟಿ ವೈನ್ ಸ್ವಲ್ಪ ಮೆತ್ತಗಾಗುತ್ತೆ.

ಬಳ್ಳಾರಿ_ಬಿಸಿಲು:
ಹೌದು ಅಣ್ಣ, ಗ್ಯಾಸ್ ಒಲೆ ಪಕ್ಕದ ಕಪಾಟಲ್ಲೇ ಇತ್ತು! ಇನ್ನೊಂದು ವಿಷಯ, ಅಕ್ಕ ಮಾಂಸ ತಿನ್ನಲ್ಲ. ಅವರಿಗೂ ಒಂದು ಗ್ಲಾಸ್ ಕೊಡಬೇಕು. ಏನು ಮಾಡಲಿ?

ಕುಷ್ಟಗಿ_ಅಕ್ಕ:
ಎಣ್ಣೆಗಾಯಿ ಮಾಡಪ್ಪಾ. ಎಳೆ ಬದನೆಕಾಯಿಗೆ ಶೇಂಗಾ, ಎಳ್ಳು, ಗುರೆಳ್ಳು ಹುರಿದು ಪುಡಿ ಮಾಡಿ ತುಂಬು, ಎಣ್ಣೆ ಮೇಲೆ ತೇಲೋ ಹಾಗೆ ಬೇಯಿಸು. ಶೇಂಗಾದ ಜಿಡ್ಡು ಕೊಬ್ಬಿನ ಕೆಲಸವನ್ನೇ ಮಾಡುತ್ತೆ. ನಮ್ಮ ಮನೆಯಲ್ಲಿ ನಂದಿಬೆಟ್ಟದ ಕಡೆಯ ಕ್ಯಾಬರ್ನೆ ಶಿರಾಜ್ ಬ್ಲೆಂಡ್ ಜೊತೆ ಇದನ್ನೇ ಮಾಡೋದು, ನನಗಂತೂ ಮಟನ್‌ಗಿಂತ ಇದೇ ಇಷ್ಟ. ಹುಣಸೆ ಕಡಿಮೆ ಹಾಕು, ಹುಳಿ ಜಾಸ್ತಿ ಆದ್ರೆ ವೈನ್ ಸಪ್ಪೆ ಅನ್ನಿಸುತ್ತೆ. ಕಟಕ ರೊಟ್ಟಿ, ಮೇಲೆ ಬೆಣ್ಣೆ ಇರಲಿ. ಹೋಳಿಗೆ ಮಾಡಿದ್ರೆ ಗ್ಲಾಸ್ ಖಾಲಿ ಆದ ಮೇಲೆ ಬಡಿಸು, ಸಿಹಿ ತಿಂದು ಕುಡಿದ್ರೆ ವೈನ್ ಕಹಿಯಾಗುತ್ತೆ.

ಬಳ್ಳಾರಿ_ಬಿಸಿಲು:
ಆಯ್ತಕ್ಕ, ಬದನೆಕಾಯಿ ಶನಿವಾರವೇ ತರ್ತೀನಿ. ಬಾಟಲಿ ಈಗಲೇ ಕಪಾಟಿಂದ ತೆಗೆದು ಫ್ರಿಜ್‌ಗೆ ಇಟ್ಟೆ.