ಕಾರ್ಬೂಸಿಯೆ ಸಹಾಯಕರ ಕಾಗದಪತ್ರ: ಸುರುಳಿ ಬಿಚ್ಚುವ ಮೊದಲು ಏನೇನು ನೋಡಬೇಕು?

ನಕ್ಷೆಪೆಟ್ಟಿಗೆ:
1950ರ ದಶಕದಲ್ಲಿ ಚಂಡೀಗಢ ಕಟ್ಟಿದ ಕ್ಯಾಪಿಟಲ್ ಪ್ರಾಜೆಕ್ಟ್ ಕಚೇರಿಯಲ್ಲಿ, ನಗರದ ಯೋಜನೆ ಮಾಡಿದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಅವರ ಸೋದರಸಂಬಂಧಿ, ಸಹೋದ್ಯೋಗಿ ಪಿಯರ್ ಜಾನರೆ ಅವರ ಕೈಕೆಳಗೆ ದುಡಿದ ಒಬ್ಬ ವಾಸ್ತುಶಿಲ್ಪಿಯ ಕಾಗದಪತ್ರಗಳ ಪಟ್ಟಿ ಆಗಬೇಕಿದೆ. ಸುಮಾರು 40 ಸುರುಳಿ ನಕ್ಷೆ, 11 ಬಾಕ್ಸ್ ಫೈಲ್, ಒಂದು ಟ್ರಂಕಿನಷ್ಟು ಫೋಟೊ, ನೆಗೆಟಿವ್. ಫೈಲುಗಳಲ್ಲಿ ಪತ್ರ, ಬಿಲ್ಲು, ಸ್ಕೆಚ್ಚು ಎಲ್ಲ ಕಲಸಿವೆ. ಕಟ್ಟಡವಾರು ವಿಂಗಡಿಸಿ ಹೊಸ ಫೋಲ್ಡರಿಗೆ ಹಾಕಬಹುದೇ? ಬಿಗಿಯಾಗಿ ಸುತ್ತಿಕೊಂಡಿರುವ ಸುರುಳಿಗಳನ್ನು ಬಿಚ್ಚುವುದು ಹೇಗೆ? ಎಲ್ಲಕ್ಕಿಂತ ಮುಖ್ಯವಾಗಿ, ಯಾವ ನಕ್ಷೆ ಯಾರ ಕೈಯದು ಎಂದು ತಿಳಿಯುವ ದಾರಿ ಯಾವುದು?

ಕಡತಗಾರ:
ದಯವಿಟ್ಟು ಕಟ್ಟಡವಾರು ವಿಂಗಡಿಸಬೇಡಿ. ಕಲಸಿದಂತೆ ಕಾಣುವ ಆ ಜೋಡಣೆಯೇ ಒಂದು ಸಾಕ್ಷಿ. ತಾರೀಖಿಲ್ಲದ ಸ್ಕೆಚ್ಚೊಂದು 1954ರ ಎರಡು ಪತ್ರಗಳ ನಡುವೆ ಇದ್ದರೆ, ಅದರ ಕಾಲ ಊಹಿಸಲು ನಮಗಿರುವ ಆಧಾರ ಆ ಜಾಗ ಮಾತ್ರ. ತೆಗೆದು ಬೇರೆಡೆ ಇಟ್ಟಿರೋ, ಆಧಾರ ಹೋಯಿತು. ಕಟ್ಟಡವಾರು ಬೇಕಿದ್ದರೆ ಸ್ಪ್ರೆಡ್‌ಶೀಟಿನಲ್ಲಿ ಒಂದು ಕಾಲಂ ಮಾಡಿಕೊಳ್ಳಿ. ಕಾಗದ ಕದಲಬಾರದು, ಪಟ್ಟಿ ಹೇಗೆ ಬೇಕಾದರೂ ಕದಲಲಿ.

ಮೊದಲು ಪ್ರತಿ ಪೆಟ್ಟಿಗೆಯನ್ನು ತೆರೆದು, ಏನನ್ನೂ ಮುಟ್ಟದೆ, ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಫೈಲಿನ ಬೆನ್ನಿನ ಮೇಲಿನ ಕೈಬರಹ, ಸುರುಳಿಯ ಹೊರಗಿನ ಚೀಟಿ, ಕಟ್ಟಿದ ದಾರದ ತುದಿಯ ಟ್ಯಾಗ್, ಇವನ್ನೆಲ್ಲ ಅಕ್ಷರ ಬದಲಿಸದೆ ಬರೆದುಕೊಳ್ಳಿ. ಆಮೇಲೆ ಸಂಖ್ಯೆ: ಪೆಟ್ಟಿಗೆ, ಫೈಲು, ಹಾಳೆ ಎಂದು ಮೂರು ಹಂತ ಸಾಕು, ಉದಾಹರಣೆಗೆ 03/07/012. ಹಾಳೆಯ ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲ್ಲಿನಿಂದ ಹಗುರಾಗಿ ಬರೆಯಿರಿ. ಪೆನ್ನು, ಸ್ಟಿಕರ್ ಬೇಡವೇ ಬೇಡ. ತುಕ್ಕು ಹಿಡಿದ ಪಿನ್ನು, ಕ್ಲಿಪ್ಪುಗಳನ್ನು ಎಳೆಯದೆ, ಕೆಳಗೊಂದು ಪ್ಲಾಸ್ಟಿಕ್ ಚೂರು ತೂರಿಸಿ ಬಿಡಿಸಿ. ಯಾವ ಹಾಳೆಗಳು ಒಟ್ಟಿಗೆ ಪಿನ್ ಆಗಿದ್ದವು ಎಂದು ನಮೂದಿಸುವುದನ್ನು ಮರೆಯಬೇಡಿ.

ಸಹಾಯಕರ ಕಡತಕ್ಕೆ ಒಂದು ವಿಶೇಷ ಗುಣವಿದೆ. ಬಂದ ಪತ್ರದ ಮೂಲ ಇಲ್ಲಿರುತ್ತದೆ, ಕಳಿಸಿದ ಪತ್ರದ ಕಾರ್ಬನ್ ಪ್ರತಿ ಇಲ್ಲಿರುತ್ತದೆ. ಇನ್ನರ್ಧ ಬೇರೆ ಊರಿನಲ್ಲಿ. ಕಾರ್ಬೂಸಿಯೆ ಕಾಗದಗಳು ಪ್ಯಾರಿಸ್ಸಿನ ಫೊಂಡಾಸ್ಯೊಂ ಲೆ ಕಾರ್ಬೂಸಿಯೆಯಲ್ಲಿವೆ. ಜಾನರೆ ಅವರ ಕಡತ, ಹಾಗೆಯೇ ಚಂಡೀಗಢದ ವಾಸ್ತುಶಿಲ್ಪಿ ಆದಿತ್ಯ ಪ್ರಕಾಶ್ ಅವರ ಕಡತ ಮಾಂಟ್ರಿಯಲ್‌ನ ಕೆನೇಡಿಯನ್ ಸೆಂಟರ್ ಫಾರ್ ಆರ್ಕಿಟೆಕ್ಚರ್‌ನಲ್ಲಿವೆ. ಕಾರ್ಬೂಸಿಯೆಗಿಂತ ಮೊದಲು ನಗರದ ಯೋಜನೆ ಮಾಡಿದ ಆಲ್ಬರ್ಟ್ ಮೇಯರ್ ಅವರ ಭಾರತದ ಕಾಗದಗಳು ಶಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಹಾಗಾಗಿ ಪ್ರತಿ ಪತ್ರಕ್ಕೂ ತಾರೀಖು, ಯಾರಿಂದ, ಯಾರಿಗೆ, ಮೂಲವೋ ಕಾರ್ಬನ್ನೋ ಎಂಬ ನಾಲ್ಕು ಕಾಲಂ ಕಡ್ಡಾಯವಾಗಿ ಇರಲಿ. ಇವಿದ್ದರೆ ಎರಡು ತುದಿಗಳನ್ನು ಯಾರಾದರೂ ಒಂದು ದಿನ ಕೂಡಿಸಬಲ್ಲರು.

ಅಮೋನಿಯಾ:
ಸುರುಳಿಗಳ ವಿಷಯ. ಬಿಚ್ಚುವ ಮೊದಲು ಹೊರ ಅಂಚನ್ನು ನೋಡಿ ಅದು ಯಾವ ಜಾತಿಯ ಹಾಳೆ ಎಂದು ಗುರುತಿಸಿ. ಪ್ರತಿಯೊಂದು ಜಾತಿಯೂ ಬೇರೆ ಬೇರೆ ರೀತಿ ಹಾಳಾಗುತ್ತದೆ.

ನೀಲಿ ನೆಲ, ಬಿಳಿ ಗೆರೆ ಇದ್ದರೆ ಬ್ಲೂಪ್ರಿಂಟ್. ಅದರ ಬಣ್ಣಕ್ಕೆ ಕ್ಷಾರ ಆಗದು, ನೀಲಿ ಹೋಗಿ ಕಂದು ಹಳದಿಯಾಗುತ್ತದೆ. ಪತ್ರಗಳಿಗೆ ಒಳ್ಳೆಯದೆಂದು ಕೊಳ್ಳುವ ಕ್ಯಾಲ್ಸಿಯಂ ಕಾರ್ಬೋನೇಟ್ ಬೆರೆತ ಬಫರ್ಡ್ ಫೋಲ್ಡರನ್ನು ಇದಕ್ಕೆ ಬಳಸಬಾರದು, ಬಫರ್ ಇಲ್ಲದ ತಟಸ್ಥ ಕಾಗದ ಬೇಕು. ಬೆಳಕಿಗೆ ಮಾಸಿದ ಬ್ಲೂಪ್ರಿಂಟನ್ನು ಕತ್ತಲಲ್ಲಿಟ್ಟರೆ ಬಣ್ಣ ಸ್ವಲ್ಪ ಮಟ್ಟಿಗೆ ಮರಳುವುದುಂಟು.

ತಿಳಿ ನೆಲದ ಮೇಲೆ ನೀಲಿ, ಕಂದು ಅಥವಾ ಕಪ್ಪು ಗೆರೆ ಇದ್ದರೆ ಅಮೋನಿಯಾ ಪ್ರಿಂಟ್, ಅಂದರೆ ಅಮೋನಿಯಾದಿಂದ ಗೆರೆ ಮೂಡಿಸಿದ ನಕಲು. ಅದರೊಳಗೆ ಉಳಿದ ರಾಸಾಯನಿಕ ಪಕ್ಕದ ಹಾಳೆಗೂ ಕಲೆ ಹಚ್ಚುತ್ತದೆ. ಟ್ರೇಸಿಂಗ್ ಜೊತೆ ಒಂದೇ ಸುರುಳಿಯಲ್ಲಿ ಇದ್ದರೆ ಎರಡನ್ನೂ ಬೇರೆ ಮಾಡಿ, ಯಾವ ಸುರುಳಿಯಿಂದ ಬಂದದ್ದೆಂಬ ಸಂಖ್ಯೆಯನ್ನು ಮಾತ್ರ ಉಳಿಸಿಕೊಳ್ಳಿ. ಕಡತಗಾರರು ಹೇಳಿದ ‘ಕದಲಿಸಬೇಡಿ’ಗೆ ಇದೊಂದೇ ಅಪವಾದ.

ಟ್ರೇಸಿಂಗ್ ಕ್ಲಾತ್, ಅಂದರೆ ಗಂಜಿ ಹಾಕಿದ ಬಟ್ಟೆ, ಒಂದು ಹನಿ ನೀರು ಬಿದ್ದರೂ ಗಂಜಿ ಕರಗಿ ಆ ಜಾಗ ಮಬ್ಬಾಗುತ್ತದೆ. ಟ್ರೇಸಿಂಗ್ ಪೇಪರ್ ತೇವ ಕುಡಿದರೆ ವಿಪರೀತ ಹಿಗ್ಗಿ ಸುಕ್ಕಾಗುತ್ತದೆ, ಒಣಗಿದ್ದರೆ ಬಿಚ್ಚುವಾಗ ಚಿಪ್ಸಿನಂತೆ ಮುರಿಯುತ್ತದೆ. ಎರಡಕ್ಕೂ ನೀರು ಬೇಡ, ಆವಿಯ ತೇವ ಬೇಕು.

ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ತೆಗೆದುಕೊಳ್ಳಿ. ತಳದಲ್ಲಿ ಒದ್ದೆ ಬ್ಲಾಟಿಂಗ್ ಪೇಪರ್, ಅದರ ಮೇಲೆ 5 ಸೆಂ.ಮೀ. ಎತ್ತರಕ್ಕೆ ಪ್ಲಾಸ್ಟಿಕ್ ಜಾಲರಿ, ಜಾಲರಿಯ ಮೇಲೆ ಒಣ ಬ್ಲಾಟಿಂಗ್, ಅದರ ಮೇಲೆ ಸುರುಳಿ. ಮುಚ್ಚಳದ ಒಳಬದಿಗೂ ಒಣ ಬ್ಲಾಟಿಂಗ್ ಅಂಟಿಸಿ, ಇಲ್ಲದಿದ್ದರೆ ಅಲ್ಲಿ ಕೂಡಿದ ಹನಿ ನಕ್ಷೆಯ ಮೇಲೇ ಬೀಳುತ್ತದೆ. ಗಂಟೆಗೊಮ್ಮೆ ನೋಡಿ. ಟ್ರೇಸಿಂಗ್ ಒಂದೆರಡು ಗಂಟೆಯಲ್ಲೇ ಸಡಿಲವಾಗಬಹುದು, ದಪ್ಪ ಕಾಗದಕ್ಕೆ 4ರಿಂದ 8 ಗಂಟೆ ಬೇಕಾಗುತ್ತದೆ. ತಾನಾಗಿ ಬಿಚ್ಚಿಕೊಂಡಷ್ಟೇ ಬಿಚ್ಚಿ. ಎರಡು ಒಣ ಬ್ಲಾಟಿಂಗ್ ನಡುವೆ ಇಟ್ಟು ಹಲಗೆ, ಭಾರ ಹೇರಿ. ಅರ್ಧ ಗಂಟೆಗೆ ಬ್ಲಾಟಿಂಗ್ ಬದಲಿಸಿ, ಆಮೇಲೆ ಒಂದೆರಡು ದಿನ ಹಾಗೇ ಬಿಡಿ. ಪೆಟ್ಟಿಗೆಯೊಳಗೆ ರಾತ್ರಿಯಿಡೀ ಮರೆತು ಬಿಡಬೇಡಿ, 24 ಗಂಟೆ ದಾಟಿದರೆ ಬೂಷ್ಟು ಏಳಬಹುದು.

ಈ ಕ್ರಮಕ್ಕೆ ಒಗ್ಗದವು: ಒದ್ದೆಯಾದರೆ ನೇರಳೆ ಬಣ್ಣ ಬಿಡುವ ಕಾಪಿಯಿಂಗ್ ಪೆನ್ಸಿಲ್ ಬರಹ, ಹರಡುವ ರಬ್ಬರ್ ಸ್ಟಾಂಪಿನ ಶಾಯಿ, ಈಗಾಗಲೇ ಬೂಷ್ಟು ಹಿಡಿದ ಹಾಳೆ. ಸೆಲೋಟೇಪ್ ಅಂಟಿದ್ದರೆ ಕೀಳಬೇಡಿ, ಮೇಲಿನ ಪದರವೂ ಗೆರೆಯೂ ಅದರ ಜೊತೆ ಕಿತ್ತು ಬರುತ್ತವೆ. ಅದು ಕನ್ಸರ್ವೇಟರ್, ಅಂದರೆ ಹಳೆಯ ಕಾಗದ ದುರಸ್ತಿ ಬಲ್ಲ ತಜ್ಞರ ಕೆಲಸ. ಮೆತ್ತನೆಯ ಪೆನ್ಸಿಲ್, ಇದ್ದಿಲಿನ ಸ್ಕೆಚ್ಚುಗಳನ್ನು ಪಾಲಿಯೆಸ್ಟರ್ ಹಾಳೆಯೊಳಗೆ ಇಡಬೇಡಿ, ಸ್ಥಿರವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ. ಚಪ್ಪಟೆ ಮಾಡಲಾಗದಷ್ಟು ಉದ್ದದ್ದನ್ನು 10 ಸೆಂ.ಮೀ.ಗಿಂತ ಕಡಿಮೆ ವ್ಯಾಸವಿರದ ಆಮ್ಲರಹಿತ ಕೊಳವೆಯ ಹೊರಮೈಗೆ ಸುತ್ತಿ. ಕೊಳವೆಯೊಳಗೆ ತುರುಕಿದರೆ ಹೊರತೆಗೆಯುವಾಗ ಅಂಚು ಹರಿಯುತ್ತದೆ.

ಮೊಡ್ಯುಲೋರ್:
ಯಾರ ಕೈ ಎಂಬ ಪ್ರಶ್ನೆಗೆ ಬರುತ್ತೇನೆ. ಸಹಿ ಹುಡುಕುತ್ತ ಕುಳಿತರೆ ದಾರಿ ತಪ್ಪುತ್ತದೆ. ಕಚೇರಿಯ ನಕ್ಷೆಯಲ್ಲಿ ಬರೆದವರು, ಪರಿಶೀಲಿಸಿದವರು, ಒಪ್ಪಿದವರು ಬೇರೆ ಬೇರೆ. ಟೈಟಲ್ ಬ್ಲಾಕಿನಲ್ಲಿ, ಅಂದರೆ ನಕ್ಷೆಯ ವಿವರ ಬರೆಯುವ ಚೌಕದಲ್ಲಿ, ಇವಕ್ಕೆ ಪ್ರತ್ಯೇಕ ಖಾನೆಗಳಿದ್ದರೆ ಅಲ್ಲಿನ ಇನಿಷಿಯಲ್ಲುಗಳನ್ನು ಹಾಗೆಯೇ ದಾಖಲಿಸಿ, ಹೆಸರಾಗಿ ಬಿಡಿಸುವ ಕೆಲಸ ಪಟ್ಟಿ ಮುಗಿದ ಮೇಲೆ.

ಸರ್ಕಾರಿ ಮನೆಗಳ ನಕ್ಷೆಯಾದರೆ ಟೈಪ್ (ಮನೆಯ ಮಾದರಿ) ಸಂಖ್ಯೆಯ ನಂತರದ ಅಕ್ಷರ ನೋಡಿ. ‘ಜೆ’ ಎಂದರೆ ಜಾನರೆ, ‘ಎಫ್’ ಎಂದರೆ ಮ್ಯಾಕ್ಸ್‌ವೆಲ್ ಫ್ರೈ, ‘ಡಿ’ ಎಂದರೆ ಜೇನ್ ಡ್ರೂ, ಇಬ್ಬರೂ ಬ್ರಿಟಿಷ್ ವಾಸ್ತುಶಿಲ್ಪಿಗಳು. ಸೆಕ್ಟರ್ 5ರಲ್ಲಿ ಜಾನರೆ ವಾಸವಿದ್ದು ಈಗ ವಸ್ತುಸಂಗ್ರಹಾಲಯವಾಗಿರುವ ಮನೆ 4-ಜೆ ಮಾದರಿಯದು. ಆದರೆ ಆ ಅಕ್ಷರ ವಿನ್ಯಾಸದ ಹೊಣೆ ಯಾರದೆಂದು ಹೇಳುತ್ತದೆ, ಗೆರೆ ಎಳೆದ ಕೈ ಯಾರದೆಂದಲ್ಲ. ನಿಮ್ಮ ವಾಸ್ತುಶಿಲ್ಪಿಯ ಪಾಲು ಇರುವುದು ಈ ಎರಡರ ನಡುವಿನ ಜಾಗದಲ್ಲೇ, ಅದಕ್ಕೇ ಈ ಕಡತ ಇಷ್ಟು ಮುಖ್ಯ.

ಅಳತೆಗಳೂ ಮಾತಾಡುತ್ತವೆ. 43, 70, 113, 183 ಅಥವಾ 86, 140, 226 ಸೆಂ.ಮೀ. ಎಂಬ ಅಂಕಿಗಳು ಮತ್ತೆ ಮತ್ತೆ ಬಂದರೆ ಅದು ಮೊಡ್ಯುಲೋರ್ ಶ್ರೇಣಿ, ಮನುಷ್ಯನ ದೇಹದ ಅಳತೆ ಆಧರಿಸಿ ಕಾರ್ಬೂಸಿಯೆ ರೂಪಿಸಿದ ಅಳತೆಕ್ರಮ, ಅವರ ಪ್ಯಾರಿಸ್ ಕಚೇರಿಯ ನೆರಳು. ಅದೇ ನಕ್ಷೆಯ ಅಡಿ-ಇಂಚಿನ ಪ್ರತಿ ಸಿಕ್ಕರೆ ಅದು ಬಹುತೇಕ ಚಂಡೀಗಢದಲ್ಲಿ ಕೆಲಸಗಾರರಿಗಾಗಿ ಮಾಡಿದ್ದು, ಭಾರತ ಮೆಟ್ರಿಕ್‌ಗೆ ತಿರುಗಲು ಶುರುವಾದದ್ದು 1950ರ ದಶಕದ ಕೊನೆಗೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಪರಿವರ್ತಿಸುವಾಗ ಯಾವ ಅಳತೆ ಬದಲಾಯಿತು ಎಂದು ನೋಡಿ. ಅಲ್ಲಿ ಸ್ಥಳೀಯ ಕಚೇರಿಯ ತೀರ್ಮಾನ ಸಿಗುತ್ತದೆ.

ತಾರೀಖು ಇನ್ನೊಂದು ಜರಡಿ. ಕಾರ್ಬೂಸಿಯೆ ಒಪ್ಪಂದದ ಪ್ರಕಾರ ವರ್ಷಕ್ಕೆ ಎರಡು ಸಲ, ಸುಮಾರು ಒಂದೊಂದು ತಿಂಗಳು ಬರುತ್ತಿದ್ದರು. ಉಳಿದ ಹತ್ತು ತಿಂಗಳು ಕೆಲಸ ನಡೆಸಿದವರು ಜಾನರೆ ಮತ್ತು ಅವರ ಭಾರತೀಯ ತಂಡ. ಫ್ರೈ, ಡ್ರೂ ಇದ್ದದ್ದು ಮೂರು ವರ್ಷ. ಜಾನರೆ 1951ರಿಂದ 1965ರವರೆಗೆ ಉಳಿದರು. ಆ ಭೇಟಿಗಳ ತಾರೀಖು ಹಾಕಿದ ಕ್ಯಾಲೆಂಡರ್ ಮೊದಲು ಮಾಡಿಕೊಳ್ಳಿ, ನಕ್ಷೆಗಳನ್ನು ಅದರ ಎದುರು ಇಡಿ.

ಅಮೋನಿಯಾ ಪ್ರಿಂಟ್ ಬರೀ ನಕಲೆಂದು ಬದಿಗಿಡಬೇಡಿ. ಅದರ ಮೇಲೆ ಕೆಂಪು ಪೆನ್ಸಿಲ್ ತಿದ್ದುಪಡಿ ಇದ್ದರೆ ಆ ಹಾಳೆ ಜಗತ್ತಿನಲ್ಲಿ ಒಂದೇ.

ನಕ್ಷೆಪೆಟ್ಟಿಗೆ:
ಎಲ್ಲರಿಗೂ ಧನ್ಯವಾದ. ವಿಂಗಡಣೆ ನಿಲ್ಲಿಸಿದ್ದಾಯಿತು. ನೆಗೆಟಿವ್ ಡಬ್ಬಿ ತೆರೆದರೆ ವಿನೆಗರ್ ವಾಸನೆ. ಸ್ಕ್ಯಾನಿಂಗ್ ಎಷ್ಟು ಡಿಪಿಐಗೆ (ಇಂಚಿಗೆ ಎಷ್ಟು ಚುಕ್ಕಿ) ಮಾಡಿಸಲಿ?

ಕಡತಗಾರ:
ವಿನೆಗರ್ ವಾಸನೆ ಅಸಿಟೇಟ್ ಫಿಲಂ ಕೊಳೆಯುತ್ತಿರುವ ಗುರುತು. ಆ ಆಮ್ಲ ಪಕ್ಕದ ಫಿಲಮ್ಮಿಗೂ ಹಬ್ಬುತ್ತದೆ, ಇವತ್ತೇ ಬೇರೆ ಕೋಣೆಗೆ ಸಾಗಿಸಿ, ಗಾಳಿಯಾಡುವ ಕಾಗದದ ಲಕೋಟೆಗೆ ಹಾಕಿ. ಸ್ಕ್ಯಾನಿಂಗ್ ಸರದಿಯಲ್ಲಿ ಮೊದಲು ಇವು, ಆಮೇಲೆ ಉಳಿದವು.

ನಕ್ಷೆಗೆ ಮೂಲ ಅಳತೆಯಲ್ಲಿ 300 ಡಿಪಿಐ, 24 ಬಿಟ್ ಬಣ್ಣ, ಕುಗ್ಗಿಸದ ಟಿಫ್ (TIFF) ಚಿತ್ರಫೈಲು. ಎ0 ಹಾಳೆ ಒಂದಕ್ಕೆ ಸುಮಾರು 420 ಎಂಬಿ ಆಗುತ್ತದೆ, ಎರಡು ಪ್ರತಿಗೆ ಜಾಗ ಲೆಕ್ಕ ಹಾಕಿ. ಮಸುಕು ಪೆನ್ಸಿಲ್ ಇದ್ದಲ್ಲಿ 400. ಅಳತೆಪಟ್ಟಿ ಮತ್ತು ಬಣ್ಣದ ಪಟ್ಟಿ ಪ್ರತಿ ಚಿತ್ರದಲ್ಲೂ ಇರಲಿ. ಕಪ್ಪು-ಬಿಳುಪಿನಲ್ಲಿ ಮಾಡಿಸಿದರೆ ಮೇಲೆ ಹೇಳಿದ ಕೆಂಪು ತಿದ್ದುಪಡಿ ಗೆರೆಗಳಲ್ಲಿ ಕಳೆದುಹೋಗುತ್ತದೆ. ಹಾಳೆಯನ್ನು ರೋಲರ್ ಎಳೆದುಕೊಳ್ಳುವ ಯಂತ್ರಕ್ಕೆ ಹಳೆಯ ಟ್ರೇಸಿಂಗ್ ಕೊಡಬೇಡಿ, ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯುವವರನ್ನೇ ಹುಡುಕಿ.