ಪ್ರೈಜ್ ಬರದ ಚಿತ್ರವನ್ನೂ ಹಾಕಿ ಅತ್ತಿಗೆ

ಅತ್ತಿಗೆ, ನಿನ್ನೆ ನೀವು ಗ್ರೂಪಿಗೆ ಹಾಕಿದ್ದು ನೋಡಿದೆ. ಹುಡುಗನಿಗೆ ವಯಲಿನ್ ಐದನೇ ಗ್ರೇಡಿನಲ್ಲಿ ಡಿಸ್ಟಿಂಕ್ಷನ್, ತುಂಬಾ ಖುಷಿ ಆಯಿತು. ಅದರ ಕೆಳಗೆ ಒಂದೇ ಸಾಲು: ಪುಟ್ಟಿಯ ಚಿತ್ರಕ್ಕೆ ಈ ಸಲವೂ ಏನೂ ಬರಲಿಲ್ಲ. ಅದಕ್ಕೆ ಮಾವ, ಹೈಸ್ಕೂಲಿಗೆ ಬಂದ ಮೇಲೆ ಇದೆಲ್ಲ ಸಾಕು, ಸರ್ಟಿಫಿಕೇಟೂ ಇಲ್ಲ ಅಂದಮೇಲೆ ಏನು ಪ್ರಯೋಜನ ಅಂದರು. ಅಲ್ಲಿಂದ ಯಾರೂ ಮಾತಾಡಲಿಲ್ಲ. ನಾನು ಮಾತಾಡುತ್ತೇನೆ, ಉದ್ದ ಆಗುತ್ತದೆ, ಪುರುಸೊತ್ತು ಇದ್ದಾಗ ಕೇಳಿ.

ಮೊದಲು ಹುಡುಗನ ವಿಷಯ. ಆ ಹಾಳೆಯಲ್ಲಿ ಎಲ್ಲರೂ ಡಿಸ್ಟಿಂಕ್ಷನ್ ಅನ್ನುವುದನ್ನು ಮಾತ್ರ ಓದಿದಿರಿ. ಅವನು ಕಟ್ಟಿದ್ದು ಎಬಿಆರ್‌ಎಸ್‌ಎಂ, ಅಂದರೆ ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿಯದ್ದು. ಅದರ ಪ್ರಾಕ್ಟಿಕಲ್ ಪರೀಕ್ಷೆಗೆ ಒಟ್ಟು 150 ಅಂಕ. 100 ಬಂದರೆ ಪಾಸ್, 120ಕ್ಕೆ ಮೆರಿಟ್, 130ಕ್ಕೆ ಡಿಸ್ಟಿಂಕ್ಷನ್. ಮೂರು ಕೃತಿ ನುಡಿಸಬೇಕು, ಒಂದೊಂದಕ್ಕೆ 30. ಅಂದರೆ ಮೂರಕ್ಕೂ ಪೂರ್ತಿ ಅಂಕ ಬಂದರೂ 90 ಅಷ್ಟೇ, ಪಾಸೂ ಆಗುವುದಿಲ್ಲ! ಉಳಿದ 60ರಲ್ಲಿ ಸ್ಕೇಲು, ಆರ್ಪೆಜಿಯೊಗೆ, ಅಂದರೆ ಸ್ವರಗಳನ್ನು ಸಾಲಾಗಿ ಅಥವಾ ಬಿಟ್ಟು ಬಿಟ್ಟು ಏರಿಸಿ ಇಳಿಸುವ ಅಭ್ಯಾಸಕ್ಕೆ, 21. ಹಿಂದೆ ನೋಡಿಯೇ ಇಲ್ಲದ ಸ್ವರಲಿಪಿಯ ಹಾಳೆಯನ್ನು ಮುಂದಿಟ್ಟು ನುಡಿಸು ಅನ್ನುತ್ತಾರಲ್ಲ, ಅದಕ್ಕೆ 21. ಕಿವಿಯಿಂದ ಕೇಳಿ ಗುರುತಿಸುವುದಕ್ಕೆ 18. ಅವನು ದಿನಾ ಸಂಜೆ ಎಳೆಯುವ ಸ್ಕೇಲು ಕೇಳಿ, ಬಾಗಿಲು ಹಾಕಿಕೋ ಮಾರಾಯ ಅನ್ನುತ್ತಿದ್ದದ್ದು ನಾವೇ ಅಲ್ವಾ? ಡಿಸ್ಟಿಂಕ್ಷನ್ ಬಂದಿದ್ದು ಆ ಬಾಗಿಲ ಹಿಂದಿನಿಂದ.

ಈಗ ಪುಟ್ಟಿ. ಚಿತ್ರ ಸ್ಪರ್ಧೆಗಳಲ್ಲಿ ನಾನೂ ತೀರ್ಪಿಗೆ ಕೂತಿದ್ದೇನೆ, ಅಲ್ಲಿ ನಡೆಯುವುದನ್ನು ಹೇಳುತ್ತೇನೆ ಕೇಳಿ. ದೊಡ್ಡ ಮೇಜಿನ ತುಂಬಾ ಚಿತ್ರ ಹರಡಿರುತ್ತಾರೆ. ಒಂದೊಂದರ ಮುಂದೆ ನಿಲ್ಲುವುದು ಕೆಲವೇ ಕ್ಷಣ. ಗಾಢ ಬಣ್ಣ, ದೊಡ್ಡ ಸಂದೇಶ, ಭೂಮಿ ಉಳಿಸಿ ಅನ್ನುವ ಥರದ್ದು, ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಪೆನ್ಸಿಲಿನಲ್ಲಿ ಸಣ್ಣದಾಗಿ, ಮೆತ್ತಗೆ ಬರೆದದ್ದು ಅದರ ಪಕ್ಕ ಕಾಣಿಸುವುದೇ ಇಲ್ಲ. ಇನ್ನೊಂದು, ಹೇಳಬಾರದು ಆದರೂ ಹೇಳುತ್ತೇನೆ: ಕೆಲವು ಚಿತ್ರಗಳಲ್ಲಿ ಮಗುವಿನ ಕೈ ಎಲ್ಲಿ ನಿಂತಿತು, ಟೀಚರ್ ಕೈ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆದು ತೋರಿಸಬಹುದು. ಅದಕ್ಕೂ ಪ್ರೈಜ್ ಬರುತ್ತದೆ.

ಪುಟ್ಟಿ ಕಳಿಸಿದ್ದು ಅಜ್ಜಿಯ ಕೈ. ಒಂದು ಬೆರಳು ನೇರ ನಮ್ಮ ಕಡೆಗೇ ಚಾಚಿದೆ. ಹಾಗೆ ಚಾಚಿದ ಬೆರಳು ಕಣ್ಣಿಗೆ ಗಿಡ್ಡ ಕಾಣಿಸುತ್ತದೆ, ಆದರೆ ಬೆರಳು ಉದ್ದ ಅಂತ ಮನಸ್ಸಿಗೆ ಗೊತ್ತಿರುತ್ತದಲ್ಲ, ಹಾಗಾಗಿ ಹೆಚ್ಚಿನವರು ಉದ್ದವೇ ಬರೆದು ಕೆಡಿಸುತ್ತಾರೆ. ಇವಳು ಗಿಡ್ಡ ಬರೆದು, ನೆರಳಿನಲ್ಲಿ ಅದನ್ನು ಮುಂದಕ್ಕೆ ತಂದಿದ್ದಾಳೆ. ಈ ವಯಸ್ಸಿಗೆ ಅದು ಸಣ್ಣ ವಿಷಯ ಅಲ್ಲ ಮಾವ. ಹೆಬ್ಬೆರಳು ಮಾತ್ರ ಸ್ವಲ್ಪ ಕೆಟ್ಟಿದೆ, ಅದು ಅವಳಿಗೂ ಗೊತ್ತಿರುತ್ತದೆ.

ಅಮೆರಿಕದ ಹೈಸ್ಕೂಲುಗಳಲ್ಲಿ ಎಪಿ ಆರ್ಟ್ ಅಂಡ್ ಡಿಸೈನ್ ಅಂತ, ಕಾಲೇಜು ಮಟ್ಟದ ಒಂದು ಕೋರ್ಸ್ ಇದೆ. ಕೂತು ಬರೆಯುವ ಪರೀಕ್ಷೆಯೇ ಇಲ್ಲ, ಮಾಡಿದ ಕೆಲಸವನ್ನೇ ಕೊಡಬೇಕು. ಒಳ್ಳೆಯ 5 ಕೃತಿಗಳಿಗೆ ಸಿಗುವುದು 40 ಪರ್ಸೆಂಟ್. 60 ಪರ್ಸೆಂಟ್ ಇರುವುದು 15 ಚಿತ್ರಗಳ ಇನ್ನೊಂದು ಭಾಗಕ್ಕೆ. ಒಂದು ಪ್ರಶ್ನೆ ಹಿಡಿದು ಹೇಗೆ ಹುಡುಕಿದೆ, ಏನು ಪ್ರಯೋಗ ಮಾಡಿದೆ, ಎಲ್ಲಿ ತಿದ್ದಿದೆ ಅಂತ ಆ 15 ತೋರಿಸಬೇಕು, ಕಚ್ಚಾ ಸ್ಕೆಚ್ಚುಗಳನ್ನೂ ಅದರಲ್ಲಿ ಹಾಕಬಹುದು. ಪುಟ್ಟಿ ಆ ಪರೀಕ್ಷೆ ಕಟ್ಟಲಿ ಅಂತ ಹೇಳುತ್ತಿಲ್ಲ. ನೀವು ರದ್ದಿಗೆ ಹಾಕುವ ಹಾಳೆಗಳಿಗೇ ಅಲ್ಲಿ ಅಂಕ ಇದೆ ಅಂತ ಹೇಳಿದೆ.

ಮಾವನ ಪ್ರಶ್ನೆ, ಪ್ರಯೋಜನ ಏನು? ಚಿತ್ರ ಬರೆದರೆ ಗಣಿತ ಚೆನ್ನಾಗಿ ಬರುತ್ತದೆ ಅಂತ ಫಾರ್ವರ್ಡ್ ಬರುತ್ತಲ್ಲ, ಅದನ್ನು ನಾನು ಹೇಳುವುದಿಲ್ಲ. ಮುಂದೆ ಕಲೆ, ಡಿಸೈನ್ ಅಂತ ಹೊರಟರೆ ಹೆಚ್ಚಿನ ಕಡೆ ಕೇಳುವುದು ಪೋರ್ಟ್‌ಫೋಲಿಯೊ, ಅಂದರೆ ಮಾಡಿದ ಕೆಲಸಗಳ ಸಂಗ್ರಹ. ಸಂಗೀತಕ್ಕೆ ಹೋದರೆ ಎದುರಿಗೆ ನುಡಿಸು ಅನ್ನುತ್ತಾರೆ, ಇಲ್ಲ ರೆಕಾರ್ಡಿಂಗ್ ಕಳಿಸು ಅನ್ನುತ್ತಾರೆ. ಸರ್ಟಿಫಿಕೇಟು ಜೊತೆಗಿದ್ದರೆ ಇರಲಿ. ಆ ಕಡೆ ಹೋಗದಿದ್ದರೂ ಸರಿ, ಅವಳಿಗೆ ಬರೆಯಬೇಕು ಅನ್ನಿಸುತ್ತದೆ, ಬರೆಯುತ್ತಾಳೆ, ಅಷ್ಟು ಸಾಲದೇ?

ಹಾಗಾಗಿ ಅತ್ತಿಗೆ, ಅವಳ ಹಾಳೆಗಳನ್ನು ಬಿಸಾಡಬೇಡಿ. ಪ್ರತಿಯೊಂದರ ಹಿಂದೆ ತಾರೀಕು ಬರೆಯಲಿ. ಜರ್ಮನಿಯ ಚಿತ್ರಕಾರ ಡ್ಯೂರರ್ 1484ರಲ್ಲಿ, 13ರ ಹುಡುಗ, ಕನ್ನಡಿ ನೋಡಿಕೊಂಡು ಬೆಳ್ಳಿಯ ಕಡ್ಡಿಯಿಂದ ತನ್ನದೇ ಚಿತ್ರ ಬರೆದ. ಆ ಗೆರೆ ಅಳಿಸಲು ಬರುವುದಿಲ್ಲ. ದೊಡ್ಡವನಾದ ಮೇಲೆ ಅದೇ ಹಾಳೆಯ ಮೇಲೆ, ಇದು ನಾನು ಇನ್ನೂ ಮಗುವಾಗಿದ್ದಾಗ ಬರೆದದ್ದು ಅಂತ ವರ್ಷ ಸಮೇತ ಬರೆದಿಟ್ಟ. ವಿಯೆನ್ನಾದ ಆಲ್ಬರ್ಟಿನಾ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಇದೆ. ಸಂಗೀತ ರಚಿಸುತ್ತಿದ್ದ ಜರ್ಮನಿಯ ಮೆಂಡೆಲ್ಸನ್ 1825ರಲ್ಲಿ, 16ಕ್ಕೆ, ಎಂಟು ವಾದ್ಯಗಳ ಆಕ್ಟೆಟ್ ಬರೆದ, ಅದನ್ನೂ ಅಚ್ಚಿಗೆ ಕೊಡುವ ಮೊದಲು ತಿದ್ದಿದ. ದಯವಿಟ್ಟು ಇದನ್ನು ಮಕ್ಕಳಿಗೆ ಚುಚ್ಚಲು ಬಳಸಬೇಡಿ, ನೋಡು ನಿನ್ನ ವಯಸ್ಸಿಗೆ ಅವನು ಅಂತ. ಒಬ್ಬ ಹಳೆಯ ಹಾಳೆಗೆ ವರ್ಷ ಬರೆದಿಟ್ಟ, ಇನ್ನೊಬ್ಬ ಬರೆದದ್ದನ್ನು ತಿದ್ದಿದ ಅಂತ ಬೇಕಾದರೆ ಹೇಳಿ.

ಫೋಟೋ ತೆಗೆಯುವಾಗ ಕಿಟಕಿ ಬೆಳಕಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ, ಫಿಲ್ಟರ್ ಬೇಡ, ಹಾಳೆಯ ನಾಲ್ಕೂ ಅಂಚು ಕಾಣಲಿ. ಹುಡುಗನದ್ದಾದರೆ ಫೋನನ್ನು ಸ್ವಲ್ಪ ದೂರ ಇಟ್ಟು, ಒಂದು ಕೃತಿಯನ್ನು ಮೊದಲಿಂದ ಕೊನೆವರೆಗೆ ರೆಕಾರ್ಡ್ ಮಾಡಿ, ಚೆನ್ನಾಗಿ ಬಂದ ತುಂಡು ಮಾತ್ರ ಕತ್ತರಿಸಿ ಹಾಕಬೇಡಿ.

ಗ್ರೂಪಿಗೆ ಹಾಕುವ ಮೊದಲು ಇಬ್ಬರನ್ನೂ ಕೇಳಿ. ಪುಟ್ಟಿ ಒಪ್ಪಿದರೆ ಆ ಕೈಯ ಕಚ್ಚಾ ಹಾಳೆಗಳೂ ಬೇಕು ನನಗೆ, ಹೆಬ್ಬೆರಳಿನ ಜೊತೆ ಎಷ್ಟು ಗುದ್ದಾಡಿದ್ದಾಳೆ ನೋಡಬೇಕು. ಬೇಡ ಅಂದರೆ ನನಗೊಬ್ಬನಿಗೇ ಕಳಿಸಲಿ, ಮಾವನಿಗೆ ತೋರಿಸುವುದಿಲ್ಲ.