‘ಪ್ರೇರಣೆ’ ಎಲ್ಲಕ್ಕೂ ಒಪ್ಪುವುದೇ?

ಬಲ್ಲವರಿಗೆ ನಮಸ್ಕಾರ.

ಅಭಿವೃದ್ಧಿಶೀಲ ದೇಶಗಳ ಮಹಿಳಾ ಉದ್ಯಮಿಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಹೆಣ್ಣುಮಕ್ಕಳು ಸ್ವಂತ ಉದ್ಯಮಕ್ಕೆ ಏಕೆ ಇಳಿಯುತ್ತಾರೆ ಎಂಬ ಭಾಗಕ್ಕೆ ರೂಢಿಯಂತೆ ‘ಪ್ರೇರಣೆ’ ಎಂಬ ತಲೆಬರಹವಿದೆ. ಈ ಪದ ಅಲ್ಲಿ ಸಲ್ಲುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಗಂಡನ ದುಡಿಮೆ ನಿಂತಿದೆ. ಸಂಬಳದ ಕೆಲಸ ಸಿಗುತ್ತಿಲ್ಲ; ಸಿಕ್ಕರೂ ಕೂಸನ್ನು ನೋಡಿಕೊಳ್ಳುವವರಿಲ್ಲ. ಹಾಗಾಗಿ ಮನೆಯಲ್ಲೇ ಹೊಲಿಗೆಯಂತ್ರ ಇಟ್ಟುಕೊಂಡು ಕುಳಿತವಳ ಬಗ್ಗೆ ‘ಪ್ರೇರಣೆ ದೊರೆಯಿತು’ ಎಂದು ಬರೆಯಲು ನನಗೆ ಮನಸ್ಸೊಪ್ಪುವುದಿಲ್ಲ. ಸಂಸ್ಕೃತ ಮೂಲದಲ್ಲಿ ‘ಮುಂದಕ್ಕೆ ತಳ್ಳು’ ಎಂಬ ಅರ್ಥವೂ ಇದೆ, ನಿಜ. ಆದರೆ ಇಂದಿನ ಕನ್ನಡದಲ್ಲಿ ಪ್ರೇರಣೆ ಎಂದೊಡನೆ ಉತ್ಸಾಹವೇ ನೆನಪಾಗುತ್ತದೆ, ಇಕ್ಕಟ್ಟಲ್ಲ.

‘ಗ್ಲೋಬಲ್ ಆಂತ್ರಪ್ರೆನ್ಯೂರ್‌ಶಿಪ್ ಮಾನಿಟರ್’ ಎಂಬ ಅಂತರರಾಷ್ಟ್ರೀಯ ಸಮೀಕ್ಷೆ 2001ರಲ್ಲೇ ಎರಡು ಬಗೆಗಳನ್ನು ಗುರುತಿಸಿತ್ತು: ಬೇರೆ ದಾರಿ ಕಾಣದೆ ಉದ್ಯಮಕ್ಕಿಳಿದವರು, ಅವಕಾಶ ಕಂಡು ಇಳಿದವರು. ಮೊದಲನೆಯವರನ್ನು ‘ಅನಿವಾರ್ಯ ಉದ್ಯಮಿ’ ಎಂದರೆ ಅರ್ಥವೇ ತಿರುವುಮುರುವು. ಅವರಿಲ್ಲದೆ ಕೆಲಸ ನಡೆಯದು ಎಂದಾಗಿಬಿಡುತ್ತದೆ. ‘ನಿರುಪಾಯ ಉದ್ಯಮಿ’ ಎಂದರೆ ಅವಳ ಜಾಣ್ಮೆಯನ್ನೇ ಅಲ್ಲಗಳೆದಂತೆ. ನಿರುಪಾಯದಿಂದ ಹೊಲಿಗೆ ಹಿಡಿದವಳೇ ಮುಂದೆ ಸ್ವಂತ ಗಳಿಕೆಯ ರುಚಿ ಕಂಡು ಇನ್ನಿಬ್ಬರಿಗೆ ಕೆಲಸ ಕೊಡಬಹುದು. ಅದೇ ಸಮೀಕ್ಷೆ 2019ರಲ್ಲಿ ಈ ಇಬ್ಭಾಗವನ್ನು ಕೈಬಿಟ್ಟು, ಒಬ್ಬರೇ ಹಲವಕ್ಕೆ ಹೌದೆನ್ನಬಹುದಾದ ನಾಲ್ಕು ಕಾರಣಗಳನ್ನು ಕೇಳತೊಡಗಿತು. ಅದು ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ಆದ್ದರಿಂದ ವ್ಯಕ್ತಿಗೆ ಹಣೆಪಟ್ಟಿ ಹಚ್ಚದೆ ‘ನೂಕುವ ಕಾರಣ’, ‘ಸೆಳೆಯುವ ಕಾರಣ’ ಎಂದು ಬರೆದರೆ ಹೇಗೆ? ‘ನೂಕುವ’ ತೀರಾ ಒರಟಾಯಿತೇ?

ಸವಾಲುಗಳ ಭಾಗದಲ್ಲಿ ಇನ್ನೊಂದು ತೊಡಕು: ‘ಜಾಮೀನು’. ಸಾಲಕ್ಕೆ ಒತ್ತೆಯಿಡುವ ಆಸ್ತಿಗೂ ಹೊಣೆ ಹೊತ್ತು ಸಹಿ ಹಾಕುವ ವ್ಯಕ್ತಿಗೂ ಅದೇ ಪದ ಓಡಾಡುತ್ತಿದೆ. ಹೆಣ್ಣಿಗೆ ಇವು ಎರಡು ಬೇರೆ ಬೇರೆ ಅಡ್ಡಿಗಳು: ಜಮೀನು ಅವಳ ಹೆಸರಿನಲ್ಲಿರುವುದಿಲ್ಲ, ಸಹಿಗೆ ಗಂಡನನ್ನೋ ಅಣ್ಣನನ್ನೋ ಕಾಡಿ ಬೇಡಬೇಕು. 1983ರಲ್ಲಿ ಬ್ಯಾಂಕಾಗಿ ರೂಪುಗೊಂಡ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಆಸ್ತಿಯ ಒತ್ತೆ ಕೇಳದೆ ಬಡ ಹೆಂಗಸರಿಗೆ ಸಾಲ ಕೊಟ್ಟಿತು. ಅದನ್ನು ‘ಜಾಮೀನುರಹಿತ ಸಾಲ’ ಎಂದರೆ ಬೇಡವಾದದ್ದು ಆಸ್ತಿಯೋ ಸಹಿಯೋ ತಿಳಿಯುವುದಿಲ್ಲ. ಮೊದಲನೆಯದಕ್ಕೆ ‘ಒತ್ತೆ’, ಎರಡನೆಯದಕ್ಕೆ ಮಾತ್ರ ‘ಜಾಮೀನು’ ಎಂದು ಬಳಸಬೇಕೆಂದಿದ್ದೇನೆ. ಬ್ಯಾಂಕಿನ ಕಾಗದಪತ್ರಗಳಲ್ಲಿ ಪಳಗಿದವರು, ಇದಕ್ಕಿಂತ ಒಪ್ಪುವ ಪದಗಳಿದ್ದರೆ ಒಂದೊಂದು ವಾಕ್ಯದಲ್ಲಿ ಬಳಸಿ ತೋರಿಸಬೇಕೆಂದು ಕೋರುತ್ತೇನೆ.